ಎ.ಸಿ. ಸಾಗರದಲ್ಲಿ, ಡಿ.ಸಿ. ಮಾಡಿನ ಮೇಲೆ

ಹುಲಿಕಲ್ ಕಡೆಯ ಹೂವಯ್ಯಗೌಡರಿಗೆ ಲೋಕದಲ್ಲಿ ಇದ್ದದ್ದು ಒಂದೇ ದುಃಖ. ಸಕಲ ವಿದ್ಯೆಗಳನ್ನೂ ಯಾವ ಗುರುವಿನ ಹಂಗಿಲ್ಲದೆ ಕಲಿತ ತಮ್ಮಂಥ ಗಂಡ ಮನೆಯಲ್ಲೇ ಕೂತಿರುವಾಗ, ಹೆಂಡತಿ ವರದಮ್ಮ ಗುಡುಗು ಕೇಳಿದ ಕೂಡಲೇ ಹೊರಗೆ ಕತ್ತಿ ಎಸೆದು "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ" ಎಂದು ಜಪಿಸುತ್ತಿದ್ದಳು. ಕಬ್ಬಿಣ ಕಂಡರೆ ಸಿಡಿಲು ಅದನ್ನು ಹಿಡಿದು ಮನೆಯನ್ನು ಬಿಡುತ್ತದೆಂಬುದು ಅವಳ ಅಜ್ಜಿಯ ಸಿದ್ಧಾಂತ.

"ಮಾಡಿನ ಮೇಲೆ ಸೋಲಾರ್ ಕೂರಿಸಿಕೊಂಡು ಅಂಗಳಕ್ಕೆ ಕತ್ತಿ ಎಸೆಯೋದು ಅಂದ್ರೆ, ಕಾರಿಗೆ ಎತ್ತು ಕಟ್ಟಿದ ಹಾಗೆ ಮಾರಾಯ್ತಿ."

"ಎತ್ತು ಕಟ್ಟಿದ್ರೆ ಕಾರು ಮುಂದಾದ್ರೂ ಹೋಗ್ತದೆ. ನಿಮ್ಮ ಸೋಲಾರ್ ಹೋದ ವರ್ಷ ಎಲ್ಲಿಗೆ ಹೋಯ್ತು?"

ಮಾತು ನಾಟಿತು. ಹೋದ ವರ್ಷ ಮೊದಲ ಗುಡುಗಿಗೇ ಇನ್ವರ್ಟರ್ ಸುಟ್ಟು ಕರಕಲಾಗಿ, ಘಾಟಿಯ ಕರೆಂಟೂ ಕೈಕೊಟ್ಟು, ವರದಮ್ಮ ಮಳೆಗಾಲವಿಡೀ ಒರಳಲ್ಲೇ ಹಿಟ್ಟು ರುಬ್ಬಿದ್ದಳು. (ಗೌಡರು ಸುಮ್ಮನೆ ಕೂತಿರಲಿಲ್ಲ. ಹಿಟ್ಟು ತರಿತರಿಯಾಗಿದೆ ಎಂದು ದಿನವೂ ತಪ್ಪದೆ ಹೇಳುತ್ತಿದ್ದರು.)

ಈ ಸಲ ಹೊಸ ಇನ್ವರ್ಟರ್ ಕೂರಿಸಲು ಹೊಸನಗರದಿಂದ ನಟರಾಜ್ ಬಂದ. "ಗೌಡ್ರೆ, ಸಿಡಿಲಿನ ಏಟು ತಡೆಯೋ ಸರ್ಜ್ ಡಬ್ಬಿ ಎ.ಸಿ. ಕಡೆಗೆ ಇದೆ. ಡಿ.ಸಿ. ಕಡೆಗೇ ಇಲ್ಲ. ಹೋದ ಸಲ ಏಟು ಬಂದದ್ದು ಆ ದಾರೀಲಿ."

"ಎ.ಸಿ. ಇರೋದು ಸಾಗರದಲ್ಲಿ, ಡಿ.ಸಿ. ಶಿವಮೊಗ್ಗದಲ್ಲಿ," ಒಳಗಿನಿಂದ ವರದಮ್ಮ ಹೇಳಿದಳು. "ಅವರ ಕಡೆಯೋರು ನಮ್ಮ ಮಾಡು ಹತ್ತಿದ್ದು ಎಂತಕ್ಕೆ?"

"ಆ ಸಾಹೇಬರಲ್ಲ ಕಣೆ. ಪ್ಯಾನಲ್ಲಿನಿಂದ ಇನ್ವರ್ಟರಿಗೆ ಇಳಿಯೋ ಕರೆಂಟು ಡಿ.ಸಿ. ಇನ್ವರ್ಟರಿನಿಂದ ಮನೆಗೆ ಬರೋದು ಎ.ಸಿ. ನಿಂಗೆ ಅರ್ಥ ಆಗಲ್ಲ ಬಿಡು."

"ಅರ್ಥ ಆಗದಿದ್ರೂ ನಡೀತದೆ, ಅರ್ತ್ ಆಗಬೇಕು," ಎನ್ನುತ್ತ ನಟರಾಜ್ ಪ್ಯಾನಲ್ಲಿನ ತಂತಿ ಇಳಿಯುವಲ್ಲಿ ಹೊಸ ಡಬ್ಬಿ ಕೂರಿಸಿದ. ಅದರಲ್ಲೊಂದು ಪುಟ್ಟ ಕಿಂಡಿ. ಹಸಿರು ಕಂಡರೆ ಡಬ್ಬಿ ಬದುಕಿದೆ. ಕೆಂಪು ಕಂಡರೆ ಏಟನ್ನು ತಾನು ತಿಂದು ಸತ್ತಿದೆ. ತಿಂದದ್ದನ್ನು ನೆಲಕ್ಕಿಳಿಸಲು ಒಂದು ಹಸಿರು ತಂತಿ. "ಆಳಕ್ಕೆ ಗುಂಡಿ ತೆಗೆದು, ಈ ತಾಮ್ರದ ರಾಡ್ ಹುಗಿದು, ತಂತಿ ಇದಕ್ಕೆ ಕಟ್ಟಬೇಕು. ಇಲ್ಲದಿದ್ರೆ ಡಬ್ಬಿ ಇದ್ದೂ ಇಲ್ಲದ ಹಾಗೆ. ನಾಡಿದ್ದು ಬಂದು ಮಾಡ್ತೀನಿ."

"ಗುಂಡಿ ತೆಗೆಯೋಕೂ ಡಿಗ್ರಿ ಬೇಕನಾ? ನಾನೇ ಮಾಡ್ತೀನಿ, ನೀ ಹೋಗು."

ನೆಲ ಅಪ್ಪಟ ಜಂಬಿಟ್ಟಿಗೆ ಕಲ್ಲು. ಗೌಡರು ಎತ್ತಿ ಹಾಕಿದ ಹಾರೆ ಠಣ್ಣೆಂದು ವಾಪಸ್ ಬಂತು. ಗುಂಡಿ ಗೇಣೂ ಇಳಿಯಲಿಲ್ಲ, ಸೊಂಟ ಇಳಿಯಿತು. ರಾಡನ್ನು ಸೌದೆ ಕೊಟ್ಟಿಗೆಗೆ ಸೇರಿಸಿ, ತಂತಿಯನ್ನು ಸುರುಳಿ ಸುತ್ತಿ ಬಚ್ಚಲ ಹಿಂದೆ ಸಿಕ್ಕಿಸಿ, "ಅರ್ತಿಂಗ್ ಆಯ್ತು" ಎಂದು ಘೋಷಿಸಿದರು.

"ಈ ಸಲವೂ ಸುಟ್ರೆ?"

"ಸುಟ್ರೆ ಒರಳು ನಾನೇ ತಿರುಗಿಸ್ತೀನಿ. ಈ ಸಲದ ಗುಡುಗಿಗೆ ಸುಡದಿದ್ರೆ, ಆಮೇಲೆ ನೀ ಜನ್ಮದಲ್ಲಿ ಕತ್ತಿ ಹಾಕೋ ಹಾಗಿಲ್ಲ."

"ಆಗ್ಲಿ," ಎಂದಳು ವರದಮ್ಮ.

ಎರಡು ದಿನಕ್ಕೆ ಆಕಾಶ ಕಾಡಿಗೆಯಾಯಿತು. ಗೌಡರು ಜಗಲಿಯಲ್ಲಿ ಮುದುಡಿ ಕೂತು, ಕಣ್ಣನ್ನು ಒರಳಿನ ಮೇಲೇ ಇಟ್ಟಿದ್ದರು. ಗುಡ್ಡದ ನೆತ್ತಿಯ ಧೂಪದ ಮರಕ್ಕೆ ಸಿಡಿಲು ಬಡಿದು ಮನೆಯ ಪಾತ್ರೆಗಳೆಲ್ಲ ಮಾತಾಡಿದವು. ಆಮೇಲೆ ಒಳಗೆ ಗ್ರೈಂಡರ್ ಗರ್‍ರೆಂದು ತಿರುಗಿತು.

ಇನ್ವರ್ಟರ್ ಬದುಕಿತ್ತು. ಡಬ್ಬಿಯ ಕಿಂಡಿ ಮಾತ್ರ ಹಣ್ಣಡಿಕೆಯ ಹಾಗೆ ಕೆಂಪು.

"ಕಂಡ್ಯಾ, ವಿದ್ಯೆ ಅಂದ್ರೆ ಇದು," ಎಂದರು ಗೌಡರು. ಎಲ್ಲಿಗೂ ಕಟ್ಟದ ತಂತಿ ಏಟನ್ನು ಎಲ್ಲಿಗೆ ಇಳಿಸಿತೆಂದು ಅವರಿಗೇ ಬಗೆಹರಿಯಲಿಲ್ಲ. ಗೆದ್ದವನು ಲೆಕ್ಕ ಕೇಳಬಾರದಷ್ಟೆ.

ಮರುದಿನ ನಟರಾಜ್ ಬಂದು ಕೆಂಪಾದದ್ದನ್ನು ಕಿತ್ತು ಹೊಸದು ಹಾಕಿದ. "ಅರ್ತಿಂಗ್ ಯಾರು ಮಾಡಿದ್ದು?"

"ನಾನೇ."

ನಟರಾಜ್ ತಂತಿಯ ಜಾಡು ಹಿಡಿದು ಬಚ್ಚಲ ಹಿಂದೆ ಹೋದವನು ಹೊಟ್ಟೆ ಹಿಡಿದುಕೊಂಡು ಬಂದ. "ತಾಮ್ರದ ರಾಡ್ ಕೊಟ್ರೆ ಹುಲ್ಲು ಕೊಯ್ಯೋ ಕತ್ತಿ ನೆಟ್ಟಿದ್ದೀರಲ್ಲ ಗೌಡ್ರೆ."

ಬಚ್ಚಲ ನೀರು ಹರಿದು ಸದಾ ಹಸಿಯಾಗಿರುವ ಕೆಸುವಿನ ಬುಡದಲ್ಲಿ ಕತ್ತಿ ಹಿಡಿಯವರೆಗೂ ಇಳಿದಿತ್ತು. ಅದರ ಕುತ್ತಿಗೆಗೆ ಹಸಿರು ತಂತಿ ತಾಳಿಯ ಹಾಗೆ ಸುತ್ತಿತ್ತು.

"ಸುರುಳಿ ಬಿಚ್ಚಿ ಕಾಲಿಗೆ ತೊಡರ್ತಿತ್ತು," ಎಂದಳು ವರದಮ್ಮ. "ಮೋಡ ಆಯ್ತಂತ ಕತ್ತಿ ಹೇಗೂ ಹಾಕೋಳಿದ್ದೆ. ಅದಕ್ಕೇ ಸುತ್ತಿ ಕುಕ್ಕಿದೆ."

"ಇದು ಯಾವ ಪುಸ್ತಕದಲ್ಲೂ ಇಲ್ಲ. ಸಿಡಿಲು ದೂರ ಬಿದ್ದದ್ದು ನಿಮ್ಮ ಪುಣ್ಯ. ನಾಳೆ ಆಳು ತಂದು ಗುಂಡಿ ತೋಡಿಸ್ತೀನಿ. ಅಲ್ಲಿವರೆಗೆ ಕತ್ತಿ ಅಲ್ಲೇ ಇರ್ಲಿ," ಎಂದು ಅವನು ಬೈಕು ಹತ್ತಿದ.

ಅವನು ತಿರುವು ದಾಟುವಷ್ಟರಲ್ಲಿ ಘಾಟಿಯ ಕೆಳಗೆಲ್ಲೋ ಆಕಾಶ ಗುರುಗುಟ್ಟಿತು. ವರದಮ್ಮ ಹೋಗಿ ಕತ್ತಿ ಕಿತ್ತು, ತೊಳೆದು ತಂದು ಗಂಡನ ಮುಂದಿಟ್ಟಳು.

"ಇದನ್ನೆಂತಕ್ಕೆ ಕಿತ್ತೆ?"

"ಇನ್ವರ್ಟರ್ ಸುಡ್ಲಿಲ್ಲ. ಪಣ ನೀವು ಗೆದ್ರಿ. ಇನ್ನು ಜನ್ಮದಲ್ಲಿ ನಾನು ಕತ್ತಿ ಹಾಕೋ ಹಾಗಿಲ್ಲ," ಎಂದು ಅವಳು ಎಲೆಯಡಿಕೆಯ ತಟ್ಟೆ ಎಳೆದುಕೊಂಡಳು.

ಗುಡುಗು ಗುಡ್ಡ ಹತ್ತಿತು. ಗೌಡರು ಒರಳನ್ನು ನೋಡಿದರು. ಒರಳು ಗೌಡರನ್ನು ನೋಡಿತು. ಪಂಚೆ ಎತ್ತಿ ಕಟ್ಟಿ, ಕತ್ತಿ ಹಿಡಿದು, ಇಳಿದ ಸೊಂಟವನ್ನೂ ಲೆಕ್ಕಿಸದೆ ಬಚ್ಚಲ ಹಿಂದಕ್ಕೆ ಓಡಿದರು. ಕೆಸುವಿನ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು ತಂತಿ ಸುತ್ತುವಾಗ ತುಟಿ ತಾನಾಗಿ ಅಲ್ಲಾಡುತ್ತಿತ್ತು.

"ಅರ್ಜುನ, ಫಲ್ಗುಣ, ಕಿರೀಟಿ..."

"ಪಾರ್ಥ ಬಿಟ್ಟುಹೋಯ್ತು," ಜಗಲಿಯಿಂದ ವರದಮ್ಮ ಹೇಳಿದಳು. "ಮೊದಲಿಂದ ಹೇಳಿ."