ತಾಲ್ಲೂಕಿನಲ್ಲೇ ಚುರುಕಾದ ದವಾಖಾನೆ

ಕೆಲಸ ಬೇಗ ಮುಗಿಯುವುದೂ ಕೆಲಸ ಆಗುವುದೂ ಒಂದೇ ಎಂದು ನಂಬಿದವರ ಜೊತೆ ಇದ್ದರೆ ನಗುವಿಗೆ ಬರವಿಲ್ಲ. ಕಾಗವಾಡ ಕಡೆಯ ಒಂದು ದನದ ದವಾಖಾನೆಯಲ್ಲಿ ಸಹಾಯಕನಾಗಿರುವ ನನಗಂತೂ ವಾರಕ್ಕೊಂದು ಸಿಗುತ್ತದೆ. ಅಲ್ಲಿ ನಾವು ಮೂವರು: ಹೊಸದಾಗಿ ಬಂದ ಡಾಕ್ಟರ್ ಸಾಹೇಬರು, ನಾನು, ಮತ್ತು ಎಲ್ಲರೂ ಮಾಮಾ ಎನ್ನುವ ಹಳೆಯ ಅಟೆಂಡರ್. ಸಾಹೇಬರಿಗೆ ತಾಲ್ಲೂಕಿನಲ್ಲೇ ಅತಿ ಚುರುಕಾದ ದವಾಖಾನೆ ಎಂಬ ಪ್ರಶಸ್ತಿ ಬೇಕಾಗಿತ್ತು. ಮಾಮಾನಿಗೆ ಚಹಾ ಬೇಕಾಗಿತ್ತು. ನಾನು ಪ್ರಶಸ್ತಿಯ ಪಕ್ಷ.

ಟೋಕನ್

ಸಾಹೇಬರು ಮೊದಲು ಟೋಕನ್ ಪದ್ಧತಿ ತಂದರು. ಒಬ್ಬೊಬ್ಬರಿಗೆ ಎರಡೇ ನಿಮಿಷ. ದನ ಹೊಡೆದುಕೊಂಡು ಬಂದರೆ ಪಾಳಿ ತಪ್ಪುತ್ತದೆಂದು ಜನ ದನವನ್ನು ಮನೆಯಲ್ಲೇ ಬಿಟ್ಟು ತಾವೇ ಬರತೊಡಗಿದರು. ಹತ್ತು ಗಂಟೆಗೆಲ್ಲ ಅಂಗಳ ಖಾಲಿ.

ಒಬ್ಬ ರೈತ ಬಂದು, ಎರಡು ದಿನದಿಂದ ಏನೂ ತಿನ್ನುತ್ತಿಲ್ಲ, ಮೂಲೆ ಹಿಡಿದು ಕೂತಿದೆ ಎಂದ. ಸಾಹೇಬರು ತಲೆ ಎತ್ತದೆ ಔಷಧಿ ಬರೆದರು. ನಾನು ಹೆಬ್ಬೆರಳಿಗಿಂತ ದಪ್ಪನೆಯ ನಾಲ್ಕು ಗುಳಿಗೆ ಕೊಟ್ಟೆ. ಆತ ಅವನ್ನು ತಿರುಗಿಸಿ ತಿರುಗಿಸಿ ನೋಡಿ ಮೆಲ್ಲಗೆ ಕೇಳಿದ:

"ಇದನ್ನ ನುಂಗಸೂದು ಹೆಂಗ್ರಿ? ಗುಳಿಗಿ ಕೋಳಿ ತಲಿಗಿಂತ ದೊಡ್ಡದ ಐತಿ."

ಅರ್ಧ ದಿನದ ಕುರಿ

ಆಮೇಲೆ ಕುರಿಗಳಿಗೆ ಲಸಿಕೆ. ಗಡಿ ಹತ್ತಿರದ ಬಯಲಿನಲ್ಲಿ ದೊಡ್ಡ ಹಿಂಡು ಸಿಕ್ಕಿತು. ಸಾಹೇಬರು ಹಿಡಿ ಅಂದರು, ಚುಚ್ಚು ಅಂದರು. ಎರಡು ದಿನದ ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. ಕಡೆಗೆ ರಿಜಿಸ್ಟರಿಗೆ ಊರ ಹೆಸರು ಕೇಳಿದರೆ ಕುರಿಗಾರ ಮಹಾರಾಷ್ಟ್ರದ ಊರೊಂದನ್ನು ಹೇಳಿದ. ಅವನ ಕುರಿಗಳಿಗೆ ಮೊನ್ನೆಯೇ ಅಲ್ಲಿ ಲಸಿಕೆ ಆಗಿತ್ತಂತೆ. ನಮ್ಮ ಕುರಿಗಳು ಮೇಯಲು ಆ ಕಡೆ ಹೋಗಿದ್ದವು. ಮೊದಲೇ ಯಾಕೆ ಹೇಳಲಿಲ್ಲ ಎಂದು ಸಾಹೇಬರು ಗದರಿದರು.

"ನೀವು ಭಾಳ ಗಡಿಬಿಡಿಯಾಗ ಇದ್ರಿ," ಅಂದ ಆತ. "ಸರ್ಕಾರದವ್ರಿಗೆ ಅಡ್ಡ ಬರಬಾರದಂತ ಕುರಿ ಹಿಡಕೊಂಡ ನಿಂತ್ನಿ."

ಹನ್ನೆರಡು ನಿಮಿಷ

ಶೇಡಬಾಳದ ತೋಟದ ಮನೆಯಿಂದ ಒಬ್ಬ ಆಯಿಯ ಫೋನ್ ಬಂತು. ಆ ಮುದುಕಿಗೆ ಇರುವುದೊಂದೇ ಎಮ್ಮೆ, ಅದರ ಹಾಲಿನ ಮೇಲೆಯೇ ಸಂಸಾರ. ಅದು ಬೆಳಗಿನಿಂದ ಈಯಲಾಗದೆ ನರಳುತ್ತಿತ್ತು. ಮಾಮಾ ಚೀಲ ತುಂಬುತ್ತಿರುವಾಗಲೇ ಸಾಹೇಬರು ನನ್ನನ್ನು ಹತ್ತಿಸಿಕೊಂಡು ಬೈಕ್ ಬಿಟ್ಟರು.

ಹನ್ನೆರಡೇ ನಿಮಿಷದಲ್ಲಿ ತಲುಪಿದೆವು. ಸಾಹೇಬರು ಖುಷಿಯಿಂದ ಗಡಿಯಾರ ನೋಡಿದರು. ಆಯಿ ನಮ್ಮ ಕೈ ನೋಡಿದಳು. ಅವರ ಕೈಯಲ್ಲಿ ಮೊಬೈಲ್, ನನ್ನ ಕೈಯಲ್ಲಿ ಹೆಲ್ಮೆಟ್. ಗ್ಲೌಸು, ಹಗ್ಗ, ಔಷಧಿ ಎಲ್ಲ ಮಾಮಾನ ಚೀಲದಲ್ಲಿ, ಮಾಮಾ ಸೈಕಲ್ ಮೇಲೆ.

"ಎಮ್ಮಿ ಉಳಿತೈತಿಲ್ರಿ?" ಅಂದಳು ಆಯಿ. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ಕರು ಅಡ್ಡ ತಿರುಗಿತ್ತು. ಬರಿಗೈಯಲ್ಲಿ ಆಗುವ ಕೆಲಸವಲ್ಲ. ತಡವಾದರೆ ಇಲಾಖೆಯ ಮೊಬೈಲ್ ಆ್ಯಪ್‌ನಲ್ಲಿ ಕೆಂಪು ಗುರುತು ಬೀಳುತ್ತದೆಂದು ಸಾಹೇಬರು, 'ಹೆರಿಗೆ ಆಗಿದೆ, ಕರು ಒಂದು' ಎಂದು ಆಯಿಯ ಎದುರಿಗೇ ಗಟ್ಟಿಯಾಗಿ ಓದಿಕೊಳ್ಳುತ್ತ ಆಗಲೇ ಒತ್ತಿಬಿಟ್ಟರು.

ಮುಕ್ಕಾಲು ಗಂಟೆಯ ಮೇಲೆ ಮಾಮಾ ಬಂದ. ದಾರಿಯಲ್ಲಿ ಕಬ್ಬು ಕಡಿಯುತ್ತಿದ್ದ ಇಬ್ಬರನ್ನೂ ಕರೆತಂದಿದ್ದ. ಎಮ್ಮೆಯ ಕುತ್ತಿಗೆ ತುರಿಸುತ್ತ ಅದರ ಜೊತೆ ಮರಾಠಿಯಲ್ಲಿ ಮಾತಿಗೆ ಕೂತ. ಎಮ್ಮೆ ಶಾಂತವಾಯಿತು. ಸಾಹೇಬರು ಗ್ಲೌಸು ಹಾಕಿ ಕರುವನ್ನು ತಿರುಗಿಸಿದರು, ನಾವು ಹಗ್ಗ ಜಗ್ಗಿದೆವು. ಕರು ಹೊರಬಂತು, ಎಮ್ಮೆ ಅದನ್ನು ನೆಕ್ಕಿತು. ಆಯಿ ಅತ್ತಳು. ಸುಳ್ಳೇಕೆ, ನಾನೂ ಕಣ್ಣೊರೆಸಿಕೊಂಡೆ.

ಸಾಹೇಬರು ಕರುವಿನ ಫೋಟೋ ಹಾಕಲು ಹೋದರೆ ಹಳೆಯ ದಾಖಲೆ ಮುಚ್ಚಿಹೋಗಿತ್ತು. ಆ್ಯಪ್ ಇದನ್ನು ಎರಡನೆಯ ಕರು ಎಂದು ಬರೆದುಕೊಂಡಿತು. ಎಮ್ಮೆಗೆ ಅವಳಿ ಜವಳಿ.

ಪ್ರಶಸ್ತಿ ಕೊಡುವ ಮುನ್ನ ಮೇಲಧಿಕಾರಿ ಆಯಿಯ ಕೊಟ್ಟಿಗೆ ನೋಡಲು ಬಂದರು. ಅಲ್ಲಿದ್ದುದು ಒಂದೇ ಕರು. ಇನ್ನೊಂದು ಎಲ್ಲಿ ಎಂದು ಕೇಳಿದರು. ಸಾಹೇಬರು ಸೂರು ನೋಡಿದರು. ನಾನು ಹೆಲ್ಮೆಟ್ ಹಾಕಿಕೊಂಡೆ. ಆಯಿ ಕರುವಿನ ಬೆನ್ನು ಸವರುತ್ತ ಹೇಳಿದಳು:

"ನನ್ನ ಎಮ್ಮಿ ಈದದ್ದು ಇದೊಂದ ರೀ. ಇದಕಿಂತ ಮೊದಲಿನದು ಸಾಹೇಬ್ರ ಮೊಬೈಲ್ ಈದೈತಿ."