ದೈತ್ಯನಿಗೆ ಹಚ್ಚಿದ ಮುಲಾಮು

...ಅಂತೂ ನಮ್ಮ ಭಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು ಅಂದೆನಲ್ಲ, ಅದಕ್ಕೆಲ್ಲ ಕಾರಣ ಆ ಮುಲಾಮು. ಭಾವ ಬಸ್ ಡ್ರೈವರ್, ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಇಬ್ಬರಿಗೂ ಒಟ್ಟಿಗೆ ರಜೆ ಸಿಗುವುದೇ ಅಪರೂಪ. ಸಿಕ್ಕಿತೋ, ಕಂಪ್ಯೂಟರ್ ಮುಂದೆ ಎರಡು ಕುರ್ಚಿ ಬಿದ್ದವು ಅಂತಲೇ ಲೆಕ್ಕ. ನಾಲ್ಕು ಜನರ ಪಡೆ ಕಟ್ಟಿಕೊಂಡು ಪಾತಾಳದ ಗುಹೆಗಳಿಗೆ ಇಳಿಯುವ ಆಟ. ಒಂದು ಸಲ ನಮ್ಮವರ ಸರದಿ, ಒಂದು ಸಲ ಶತ್ರುವಿನ ಸರದಿ. ಇದಕ್ಕಿಂತ ಒಳ್ಳೆಯ ಆಟ ಭೂಮಿ ಮೇಲಿಲ್ಲ, ಬೇಕಾದರೆ ಜಗಳಕ್ಕೆ ಬನ್ನಿ! ಆದರೆ ಅದರಲ್ಲಿ ಸತ್ತವರು ಸತ್ತಂತೆಯೇ, ಮತ್ತೆ ಏಳುವುದಿಲ್ಲ. ಭಾವ ಮೂರು ತಿಂಗಳಿಂದ ಬೆಳೆಸಿದ ಕತ್ತಿಕಾರ 'ಮೀಸೆ' ಏಳನೇ ಅಂತಸ್ತಿನಲ್ಲಿ ದೈತ್ಯನ ಮುಂದೆ ಮಂಡಿಯೂರಿದ್ದ. ಅವನ ಪ್ರಾಣದಲ್ಲಿ ಉಳಿದಿದ್ದು ಮೂರೇ ಅಂಕ.

ಭಾವ: ಅಲ್ವೇ, ಇದ್ದಿದ್ದು ಒಂದೇ ಡಬ್ಬಿ ಮುಲಾಮು. ಅದನ್ನ ತಗೊಂಡ್ಹೋಗಿ ಆ ದೈತ್ಯನಿಗೆ ಹಚ್ಚಿದ್ಯಲ್ಲ!

ಅಕ್ಕ: ಅವನಿಗೆ ಒಂದೇ ಉಳಿದಿತ್ತು ರೀ. ನಿಮ್ಮ ಮೀಸೆಗೆ ಮೂರಿತ್ತು.

ಭಾವ: ಒಂದಕ್ಕೆ ಇಳಿಯೋ ಹಾಗೆ ಹೊಡೆದಿದ್ದೇ ನಾವು ಕಣೇ! ಅರ್ಧ ಗಂಟೆಯಿಂದ!

ಅಕ್ಕ: ಹೊಡೆದೋರು ಯಾರು ಅಂತ ನಾವು ಕೇಳಲ್ಲ. ಯಾರಿಗೆ ಪೆಟ್ಟು ಜಾಸ್ತಿಯೋ ಅವರು ಮೊದಲು. ಹನ್ನೊಂದು ವರ್ಷದಿಂದ ಕೈ ಹಾಗೇ ಓಡತ್ತೆ, ಏನ್ಮಾಡ್ಲಿ?

ಭಾವ: ಇದು ನಿನ್ನ ವಾರ್ಡಲ್ಲ, ಯುದ್ಧ!

ಅಕ್ಕ: ನಮ್ ವಾರ್ಡಿಗೆ ಒಂದಿನ ಬಂದು ನೋಡಿ, ಆಮೇಲೆ ಹೇಳಿ.

ಭಾವ: ಈಗ ಅವನಿಗೆ ನಲವತ್ತು! ಗುಂಡುಕಲ್ಲಿನ ಹಾಗಾಗಿದಾನೆ. ಇನ್ನೊಂದು ಗದೆ ಏಟು ಬಿದ್ರೆ ಮೀಸೆ ಗೊಟಕ್.

ಅಕ್ಕ: ಹಿಂದಕ್ಕೆ ಕರ್ಕೊಳ್ಳಿ ಅಂತ ಎರಡು ಸರದಿಯಿಂದ ಬಡ್ಕೋತಿದೀನಿ. ಕೇಳಿದ್ರಾ?

ಭಾವ: ಅಷ್ಟು ಸಣ್ಣ ಸಂದಿಲಿ ರಿವರ್ಸ್ ಹೇಗೆ ತಗೊಳ್ಳೋದು? ಹಿಂದೆ ಒಬ್ಬರು ನಿಂತು 'ಬರ್ಲಿ, ಬರ್ಲಿ' ಅನ್ಬೇಡ್ವಾ?

ಅಕ್ಕ: ಅವನು ಮನುಷ್ಯ ರೀ, ಬಸ್ಸಲ್ಲ!

ಅಷ್ಟರಲ್ಲಿ ದೈತ್ಯನ ಸರದಿ ಬಂತು. ಗದೆ ಮೇಲೆದ್ದಿತು. ಅಕ್ಕ ಭಾವನ ತೋಳು ಹಿಡಿದುಕೊಂಡಳು, ಭಾವ ಕಣ್ಣು ಮುಚ್ಚಿಕೊಂಡರು. ಆದರೆ ದೈತ್ಯ ಗದೆಯನ್ನು ಕೆಳಗಿಟ್ಟ. ಪರದೆಯ ಮೇಲೆ ಅಕ್ಷರ ಮೂಡಿತು: 'ಈವರೆಗೆ ನನಗೆ ಯಾರೂ ಮುಲಾಮು ಹಚ್ಚಿರಲಿಲ್ಲ. ನಿಮ್ಮ ಜೊತೆ ಬರುತ್ತೇನೆ. ಪಡೆಯಲ್ಲಿ ಜಾಗ ನಾಲ್ಕೇ. ಒಬ್ಬರನ್ನು ಮೇಲಿನ ಊರಿಗೆ ಕಳಿಸಿ, ಅವರು ಮತ್ತೆ ಇಳಿಯುವಂತಿಲ್ಲ. ಒಪ್ಪದಿದ್ದರೆ ಗದೆ ಎತ್ತುತ್ತೇನೆ.'

ಭಾವ: ನೋಡಿದ್ಯಾ! ಇವನೊಬ್ಬ ಇದ್ರೆ ಎಂಟನೇ ಅಂತಸ್ತು ನೀರು ಕುಡಿದಷ್ಟು ಸಲೀಸು.

ಅಕ್ಕ: ಈಗ ಉಕ್ಕಿ ಬಂತು ಪ್ರೀತಿ. ಯಾರನ್ನ ಇಳಿಸ್ತೀರಿ?

ಭಾವ: ಹದಿನೆಂಟು ವರ್ಷದ ಸರ್ವೀಸಲ್ಲಿ ದಾರಿ ಮಧ್ಯೆ ಒಬ್ರನ್ನೂ ಇಳಿಸಿಲ್ಲ ನಾನು. ನಿಂತ್ಕೊಂಡು ಬರ್ಲಿ ಬಿಡು.

ಅಕ್ಕ: ನಾಲ್ಕೇ ಅಂತ ಬರೆದಿದೆ. ಮಂತ್ರವಾದಿನ ಕಳಿಸೋಣ್ವಾ?

ಭಾವ: ಕತ್ತಲಲ್ಲಿ ದೀಪ ಹಿಡಿಯೋನು ಅವನೇ. ಹೆಡ್‌ಲೈಟ್ ಇಲ್ದೆ ಗಾಡಿ ಓಡತ್ತಾ?

ಅಕ್ಕ: ಬಿಲ್ಲುಗಾರ್ತಿ?

ಭಾವ: ಬಾಗಿಲ ಹತ್ರ ನಿಂತು ಹಿಂದೆ ಮುಂದೆ ನೋಡೋಳು ಅವಳು. ಕಂಡಕ್ಟರ್ ಇದ್ದಂಗೆ.

ಅಕ್ಕ: ಹಾಗಾದ್ರೆ ನನ್ನ ದಾದಿನೇ ಹೋಗ್ತಾಳೆ. ಶತ್ರುಗೆ ಮುಲಾಮು ಹಚ್ಚೋಳು ನಿಮಗ್ಯಾಕೆ?

ಭಾವ: ಏ ಏ ಏ! ಮೌಸ್ ಮುಟ್ಬೇಡ!

ಅಕ್ಕ: ಯಾಕ್ರೀ?

ಭಾವ: ಅವಳು ಹೋದ್ರೆ... ಮುಂದಿನ ದೈತ್ಯನಿಗೆ ಯಾರು ಹಚ್ತಾರೆ?

ಅಕ್ಕ ನಕ್ಕಳು. ಭಾವ ನಗಲಿಲ್ಲ. ಪರದೆಯ ಮೇಲಿನ ಮೀಸೆಯನ್ನೇ ನೋಡುತ್ತ ಕೂತರು.

ಭಾವ: ಮೇಲಿನ ಊರಲ್ಲಿ ಅವನಿಗೇನೂ ತೊಂದ್ರೆ ಇಲ್ಲ ಅಲ್ವಾ?

ಅಕ್ಕ: ಏನಿಲ್ಲ. ಊಟ, ನಿದ್ದೆ. ಪ್ರಾಣ ಅಂತೂ ಉಳಿಯತ್ತೆ.

ಭಾವ: ನಮ್ಮಲ್ಲೂ ಹಾಗೇ. ಡ್ಯೂಟಿಲಿ ಗಾಯ ಆದ್ರೆ ಡಿಪೋಲಿ ಕೂರಿಸ್ತಾರೆ. ಮರ್ಯಾದೆ ಕೆಲಸನೇ ಅದು.

ಅಕ್ಕ: ಹೂಂ ರೀ. ಮರ್ಯಾದೆ ಕೆಲಸನೇ.

ಭಾವ ಕ್ಲಿಕ್ ಮಾಡಿದರು. ಮೀಸೆ ಕುಂಟುತ್ತ ಮೆಟ್ಟಿಲು ಹತ್ತಿ ಹೋದ.

ಭಾವ: ಸುಮ್ನೆ ಕಳಿಸಿದ ಹಾಗಾಯ್ತು. ಒಂದು ಡಿಸ್ಚಾರ್ಜ್ ಚೀಟಿನಾದ್ರೂ ಬರಿಯೇ.

ಅಕ್ಕ ನಿಜವಾಗಿಯೂ ಹಾಳೆ ಹರಿದು ಬರೆದಳು, ಗಟ್ಟಿಯಾಗಿ ಓದಿದಳು.

ಅಕ್ಕ: ರೋಗಿಯ ಹೆಸರು ಮೀಸೆ. ಸ್ಥಿತಿ ಸುಧಾರಿಸಿದೆ. ಸಲಹೆ, ಇನ್ನು ಮುಂದೆ ಹೆಂಡತಿ ಮಾತು ಕೇಳುವುದು.

ಭಾವ: ಅವನಿಗೆ ಹೆಂಡ್ತಿ ಎಲ್ಲಿದಾಳೆ?

ಅಕ್ಕ: ಕೊನೇ ಸಾಲು ಡ್ರೈವರ್‌ಗೆ.

ಆ ಚೀಟಿ ಇನ್ನೂ ಕಂಪ್ಯೂಟರ್ ಅಂಚಿನಲ್ಲಿದೆ. ನಂಬಿಕೆ ಬರದಿದ್ದರೆ ಇಬ್ಬರಿಗೂ ರಜೆ ಇರುವ ದಿನ ಹೋಗಿ ನೋಡಿ, ಮಾತಾಡಿಸಿ. ಎರಡನೇ ಮಹಡಿ, ಒಳಗಿಂದ ಜಗಳ ಕೇಳಿಸುವ ಬಾಗಿಲು. ಮನೆಯಲ್ಲಿರುವುದು ಆ ಎರಡೇ ಕುರ್ಚಿ, ಕೂರುವುದಕ್ಕೆ ಮಾತ್ರ ಏನಾದರೂ ನೀವೇ ತಗೊಂಡು ಹೋಗಿ.