ನಂಬಿದ್ದೇವೆ, ಆದರೆ ಹತ್ತುವುದಿಲ್ಲ

ಲಿಫ್ಟು ಕೆಟ್ಟಿದ್ದಾಗ ಮೆಕ್ಯಾನಿಕ್‌ಗೆ ಯಾವ ತಾಪತ್ರಯವೂ ಇರಲಿಲ್ಲ. ಸರಿಹೋಯಿತು ನೋಡಿ, ಗ್ರಹಚಾರ ವಕ್ಕರಿಸಿತು.

ಹೋದ ವಾರ ಅದು ಮೇಲಿನ ಮಹಡಿಯ ಹಲ್ಲಿನ ಡಾಕ್ಟರನ್ನು ಹೊಟ್ಟೆಯಲ್ಲಿಟ್ಟುಕೊಂಡು ನಡುವೆಯೇ ನಿಂತುಬಿಟ್ಟಿತ್ತು. ಈಗ ಹೊಸ ಹಗ್ಗ, ಹೊಸ ಬ್ರೇಕು. ಆದರೂ ಲಿಫ್ಟ್ ಕಂಪನಿಯ ಧಣಿ ಫೋನಿನಲ್ಲಿ ಗದರಿದ್ದ: "ಸರಿಯಾಗಿದೆ ಅಂತ ಆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಸಂಜೆಯೊಳಗೆ ನಂಗೆ ಹೇಳ್ಬೇಕು. ಇಲ್ಲಾಂದ್ರೆ ನಾಳೆಯಿಂದ ನೀನು ಬರೋದೇ ಬೇಡ."

"ರಿಪೇರಿ ಆಗಿದೆ, ಹತ್ತಿ ಸಾರ್," ಅಂದ ಮೆಕ್ಯಾನಿಕ್.

"ನಿನ್ನ ಮಾತು ನಂಬದೇ ಇರ್ತೀವೇನಪ್ಪಾ?" ಅಂದ ಸೆಕ್ರೆಟರಿ ಮೆಟ್ಟಿಲು ಹತ್ತಿ ಹೋದ.

ಡಾಕ್ಟರೂ ನಂಬಿದರು, ನಂಬಿ, ಏದುಸಿರು ಬಿಡುತ್ತ ನಡೆದೇ ಹೋದರು. ತರಕಾರಿ ಚೀಲದ ಅಜ್ಜಿ ಅವನ ಗಲ್ಲ ಸವರಿ, ಕಂಬಿ ಹಿಡಿದು ಮೆಟ್ಟಿಲಿಗೆ ಕಾಲಿಟ್ಟರು.

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರಿಗೆ ಕನಿಕರ ಬಂತು. "ಇಂಗ್ಲಿಷಲ್ಲಿ ಬಿಲೀಫ್ ಬೇರೆ, ಟ್ರಸ್ಟ್ ಬೇರೆ ಕಣಯ್ಯಾ. ಲಿಫ್ಟು ಸರಿಯಾಗಿದೆ ಅಂತ ಒಪ್ಪೋದು ಬಿಲೀಫ್. ಒಳಗೆ ಕಾಲಿಡೋದು ಟ್ರಸ್ಟ್."

"ಹಾಗಾದ್ರೆ ನೀವಾದ್ರೂ ಟ್ರಸ್ಟ್ ಮಾಡಿ ಸಾರ್, ನಿಮ್ಮ ದಮ್ಮಯ್ಯ!"

"ನಂದು ಬಿಲೀಫ್ ತನಕ ಮಾತ್ರ," ಅಂದರು ಮೇಷ್ಟ್ರು.

ಪಾಪ, ಮೆಕ್ಯಾನಿಕ್ ತಲೆ ಸುತ್ತುವ ತನಕ ತಾನೇ ಲಿಫ್ಟಿನಲ್ಲಿ ಹತ್ತಿ ಇಳಿದ. "ಅವನಿಗೆ ಅದಕ್ಕೇ ಸಂಬಳ," ಅಂದರು ಜನ. ಅಜ್ಜಿ ಮತ್ತೆ ಕೆಳಗೆ ಬಂದು, "ಹಗ್ಗದ ಬೋಲ್ಟು ಬಿಗಿ ಮಾಡಿದೀಯಾ ಮಗಾ?" ಅಂದರು.

"ಮಾಡಿದೀನಿ ಅಜ್ಜೀ."

"ಎಲ್ಲಾದೂನೂ?"

ಎಲ್ಲವನ್ನೂ ಮಾಡಿದ್ದ. ಆದರೂ ಮೇಲೆ ಓಡಿ ನೋಡಿ ಬಂದ. ಕೆಳಗೆ ಬಂದವನಿಗೆ ಕೊನೆಯದನ್ನು ಮುಟ್ಟಿದೆನೋ ಇಲ್ಲವೋ ಅನ್ನಿಸಿತು. ಮತ್ತೆ ಓಡಿದ.

ಸಂಜೆಯಾಯಿತು. ಸೆಕ್ರೆಟರಿ ಕೊನೆಗೆ ಬಾಯಿಬಿಟ್ಟ: "ನಿನ್ನ ಮನೆಯವರನ್ನ ಹತ್ತಿಸು. ತಕ್ಷಣ ಫೋನ್ ಮಾಡ್ತೀನಿ."

ಹೆಂಡತಿ ಹೊಲಿಗೆ ಅಂಗಡಿಯಿಂದ ಟೇಪು ಕೊರಳಲ್ಲಿರುವಂತೆಯೇ ಬಂದಳು. "ಲಿಫ್ಟು ಸರಿಯಾಗಿದೆ, ಒಮ್ಮೆ ಹತ್ತು," ಅಂದ ಮೆಕ್ಯಾನಿಕ್. "ಇಷ್ಟಕ್ಕೇನಾ ಕರೆದಿದ್ದು?" ಎಂದು ಸೀದಾ ಒಳಗೆ ಹೋಗಿ ನಿಂತಳು. ಲಿಫ್ಟಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಮಹಾತಾಯಿ! ಸೆಕ್ರೆಟರಿ ಧಣಿಯ ನಂಬರು ಒತ್ತಿ ಫೋನನ್ನು ಕಿವಿಗಿಟ್ಟುಕೊಂಡ.

ಬಾಗಿಲು ಮುಚ್ಚತೊಡಗಿತು. ಕಿರಿದಾಗುವ ಸಂದಿಯಲ್ಲಿ ಅವಳು ಗಂಡನನ್ನು ನೋಡಿ ನಕ್ಕಳು. ಅವನು ಬೂಟುಗಾಲನ್ನು ಬಾಗಿಲಿಗೆ ಅಡ್ಡ ಕೊಟ್ಟು ಅರಚಿದ:

"ಇಳಿಯೇ! ಇಳಿ ಕೆಳಗೆ!"

ಸೆಕ್ರೆಟರಿ ಫೋನನ್ನು ಮೆಲ್ಲಗೆ ಜೇಬಿಗಿಳಿಸಿದ.

"ಸರಿಯಾಗಿದೆ ಅಂದ್ರಲ್ರೀ?" ಅಂದಳು ಹೆಂಡತಿ.

"ಸರಿಯಾಗೇ ಇದೆ ಕಣೇ," ಅಂದ ಅವನು ಅಳುತ್ತ, ಅವಳ ರಟ್ಟೆ ಹಿಡಿದು ಹೊರಗೆಳೆದುಕೊಂಡ.